ಚಳಿ ಕಚ್ಚುವ ಮೊದಲು ಕಿಟಕಿ ಕೆಲಸ: ಶಿಕಾಗೊ ಕಡೆಗೆ ಹೊಸದಾಗಿ ಬಂದವರಿಗೆ

ಶಿಕಾಗೊ, ಮಿನಿಯಾಪೊಲಿಸ್ ಕಡೆ ಹಳೇ ಅಪಾರ್ಟ್‌ಮೆಂಟಿಗೆ ಬಾಡಿಗೆಗೆ ಬಂದಿದ್ದರೆ ಅಕ್ಟೋಬರ್‌ನಲ್ಲೇ ಕಿಟಕಿಯ ಸಂದಿ ಮುಚ್ಚುವ ಕೆಲಸ ಮುಗಿಸಿಕೊಳ್ಳಿ. ಚೌಕಟ್ಟು ತಣ್ಣಗಾದ ಮೇಲೆ ಯಾವ ಟೇಪೂ ಸರಿಯಾಗಿ ಹಿಡಿಯುವುದಿಲ್ಲ.

ಮೊದಲು ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂದು ನೋಡಬೇಕು. ಗಾಳಿ ಬೀಸುವ ದಿನ ಪರದೆ ಪೂರ್ತಿ ಸರಿಸಿ, ಹಚ್ಚಿದ ಊದುಬತ್ತಿಯನ್ನು ಕಿಟಕಿಯ ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿದು ಹೋಗಿ. ಹೊಗೆ ಅಡ್ಡಡ್ಡ ಓಡಿದ ಕಡೆ ಸಂದಿದೆ. ಇಲ್ಲಿನ ಹಳೇ ಕಿಟಕಿಗಳಿಗೆ ಮೇಲೆ ಕೆಳಗೆ ಜಾರುವ ಎರಡು ಬಾಗಿಲು. ಮೇಲಿನದು ಎಷ್ಟೋ ಸಲ ತಾನಾಗಿ ಅರ್ಧ ಇಂಚು ಇಳಿದಿರುತ್ತದೆ, ಪರದೆ ಮರೆಯಲ್ಲಿ ಗೊತ್ತೇ ಆಗುವುದಿಲ್ಲ. ಅದನ್ನು ಮೇಲಕ್ಕೆ ತಳ್ಳಿ ನಡುವಿನ ಲಾಕ್ ಹಾಕಿ. ಕಾಸು ಖರ್ಚಿಲ್ಲದೆ ಇಷ್ಟು ಗುಣ ಕೊಡುವ ಕೆಲಸ ಇನ್ನೊಂದಿಲ್ಲ. ಕೆಳಗಿನ ಅಂಚಿಗೆ ಫೋಮ್ ಪಟ್ಟಿ ಸಾಕು; ತೀರಾ ದಪ್ಪದ್ದು ತಂದರೆ ಲಾಕ್ ಕೂರುವುದಿಲ್ಲ. ಉಳಿದ ಬಿರುಕಿಗೆ ಜೇಡಿಯಂತೆ ಮೆತ್ತಗಿರುವ ರೋಪ್ ಕಾಕ್ ಒತ್ತಿ, ಚಳಿ ಹೋದ ಮೇಲೆ ಕಿತ್ತರೆ ಬರುತ್ತದೆ. ಒಣಗಿ ಗಟ್ಟಿಯಾಗಿ ಅಂಟಿಕೊಳ್ಳುವ ಸಿಲಿಕೋನ್ ಬೇಡ. ಕೀಳುವಾಗ ಬಣ್ಣ ಎದ್ದು ಬಂದರೆ ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ.

ಆಮೇಲೆ ಫಿಲಂ. ಹಾರ್ಡ್‌ವೇರ್ ಅಂಗಡಿಯ ಕಿಟ್‌ನಲ್ಲಿ ತೆಳು ಪ್ಲಾಸ್ಟಿಕ್ ಹಾಳೆಯೂ ಎರಡೂ ಬದಿ ಅಂಟುವ ಟೇಪೂ ಇರುತ್ತವೆ. ಟೇಪನ್ನು ಕಿಟಕಿ ಸುತ್ತಲಿನ ಮರದ ಪಟ್ಟಿಗೆ ಹಚ್ಚಿ. ಗಾಜಿಗೂ ಹಾಳೆಗೂ ನಡುವೆ ನಿಂತ ಗಾಳಿಯೇ ಚಳಿ ತಡೆಯುವುದು. ಟೇಪ್ ಹಚ್ಚುವ ಮೊದಲು ಮರವನ್ನು ರಬ್ಬಿಂಗ್ ಆಲ್ಕೋಹಾಲ್‌ನಲ್ಲಿ (ಗಾಯ ಒರೆಸುವ ಸ್ಪಿರಿಟ್) ಒರೆಸಿ ಒಣಗಲು ಬಿಡಿ. ಅಡುಗೆಮನೆ ಕಿಟಕಿಯಲ್ಲಿ ಒಗ್ಗರಣೆ ಜಿಡ್ಡು ಉಳಿದರೆ ಮೂಲೆಗಳು ಬೇಗ ಬಿಟ್ಟುಕೊಳ್ಳುತ್ತವೆ. ಹಾಳೆಯನ್ನು ನಾಲ್ಕೂ ಕಡೆ 2 ಇಂಚು ಹೆಚ್ಚಿಟ್ಟು ಕತ್ತರಿಸಿ, ಮೇಲಿನಿಂದ ಅಂಟಿಸುತ್ತಾ ಬನ್ನಿ. ಸುಕ್ಕಿದ್ದರೆ ಇರಲಿ. ಹೇರ್ ಡ್ರೈಯರನ್ನು ಒಂದೆರಡು ಇಂಚು ದೂರದಲ್ಲಿ ಆಡಿಸುತ್ತಿದ್ದರೆ ಬೆಂಕಿಗೆ ಕಾಯಿಸಿದ ತಮಟೆಯಂತೆ ಹಾಳೆ ಬಿಗಿಯುತ್ತದೆ. ಒಂದೇ ಕಡೆ ನಿಲ್ಲಿಸಿದರೆ ತೂತು ಬೀಳುತ್ತದೆ. ಹೆಚ್ಚಿನ ಅಂಚನ್ನು ಕೊನೆಗೆ ಕತ್ತರಿಸಿ.

ಹಾಳೆಯ ಹಿಂದೆ ಗಾಜಿನ ಮೇಲೆ ನೀರು ಕಟ್ಟಿದರೆ, ಮನೆಯ ತೇವ ಟೇಪಿನ ಸಂದಿನಿಂದ ನುಸುಳುತ್ತಿದೆ ಎಂದರ್ಥ. ಅಂಚನ್ನು ಮತ್ತೆ ಒತ್ತಿ. ಕುಕ್ಕರ್ ಇಟ್ಟಾಗ ಎಕ್ಸಾಸ್ಟ್ ಫ್ಯಾನ್ ಹಾಕಿ, ಒದ್ದೆ ಬಟ್ಟೆ ಕೋಣೆಯಲ್ಲಿ ಹರಡಬೇಡಿ. ಜೋಡಿ ಗಾಜಿನ ನಡುವೆಯೇ ಮಂಜು ಕಂಡರೆ ಅದರ ಸೀಲ್ ಹೋಗಿದೆ. ಅದು ಫಿಲಂನಿಂದ ಸರಿಹೋಗದು, ಓನರಿಗೆ ಫೋಟೊ ಸಮೇತ ಬರೆದು ತಿಳಿಸಿ.

ಮಲಗುವ ಪ್ರತಿ ಕೋಣೆಯಲ್ಲೂ ಒಂದು ಕಿಟಕಿಗೆ ಫಿಲಂ ಹಾಕದೆ ಬಿಡಿ, ಅದಕ್ಕೆ ಫೋಮ್ ಪಟ್ಟಿ ಮಾತ್ರ. ಬೆಂಕಿ ಬಿದ್ದರೆ ಮಕ್ಕಳನ್ನು ಹೊರಗೆ ದಾಟಿಸಬೇಕಾದದ್ದು ಅಲ್ಲಿಂದಲೇ.