ಯಾವತ್ತಿನ ರೇಟ ಹಚ್ಚತಾರ್ರಿ?

"ಅಕ್ಕಾರ, ಅದೇನೋ ಬಿಟ್‌ಕಾಯಿನ್ ಅಂತ ಹಿಡದಾರಂತ. ನಮಗ ಕೊಡೂಮುಂದ ಯಾವತ್ತಿನ ರೇಟ ಹಚ್ಚತಾರ್ರಿ?"

ಬೀಳಗಿ ಕಡೆಯ ಹಳ್ಳಿಯ ಕಾಕಾ ಒಬ್ಬರು ನವನಗರದ ನನ್ನ ಆಫೀಸಿನಲ್ಲಿ ಕೂತು ಕೇಳಿದ ಮೊದಲ ಪ್ರಶ್ನೆ ಇದು. 2024ರ ದೀಪಾವಳಿ ಮುಗಿದ ವಾರ. ಇವರ ಜೊತೆ ಇನ್ನೂ ಆರು ಮನೆಯವರು, ದಿನಕ್ಕೆ ಇಷ್ಟು ಬಡ್ಡಿ ಕೊಡುತ್ತೇನೆಂದ ಮೊಬೈಲ್ ಆ್ಯಪ್ ಒಂದಕ್ಕೆ ಎಲ್ಲ ಸೇರಿ 46 ಲಕ್ಷ ಹಾಕಿ ಕಳೆದುಕೊಂಡಿದ್ದರು. ಅದರಲ್ಲಿ ಮುಕ್ಕಾಲು ಪಾಲು ಮುಳುಗಡೆ ಪರಿಹಾರದ ದುಡ್ಡು.

ಬಾಗಲಕೋಟೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಆಲಮಟ್ಟಿ ಹಿನ್ನೀರಿಗೆ ಹೊಲಮನೆ ಬಿಟ್ಟು ಬಂದವರ ಊರಿದು. 1894ರ ಭೂಸ್ವಾಧೀನ ಕಾಯ್ದೆಯಲ್ಲಿ 4(1) ನೋಟಿಫಿಕೇಶನ್, ಅಂದರೆ ಸ್ವಾಧೀನದ ಮೊದಲ ಪ್ರಕಟಣೆ, ಹೊರಟ ದಿನದ ಮಾರುಕಟ್ಟೆ ದರವೇ ಪರಿಹಾರಕ್ಕೆ ಆಧಾರವಾಗಿತ್ತು. ನೋಟಿಫಿಕೇಶನ್ ಒಂದು ವರ್ಷ, ದುಡ್ಡು ಕೈಗೆ ಸಿಕ್ಕಿದ್ದು ಇನ್ಯಾವುದೋ ವರ್ಷ. ಅಷ್ಟರಲ್ಲಿ ಆ ದುಡ್ಡಿಗೆ ಹೊಸ ಹೊಲ ಹೋಗಲಿ, ಸೈಟೂ ಬರುತ್ತಿರಲಿಲ್ಲ. ನಮ್ಮಪ್ಪನ ಮನೆಯೂ ಹಳೇ ಬಾಗಲಕೋಟೆಯಲ್ಲೇ ಮುಳುಗಿದ್ದು. ನಾನು ಕರಿ ಕೋಟು ಹಾಕಿದ್ದೇ ಪರಿಹಾರ ಹೆಚ್ಚಳದ ಕೇಸುಗಳಿಗಾಗಿ. ಬಿಟ್‌ಕಾಯಿನ್ ಬಗ್ಗೆ ಆಗ ನನಗೆ ಅಷ್ಟಕ್ಕಷ್ಟೇ ಗೊತ್ತಿತ್ತು, ಆದರೆ ಕಾಕಾರ ಪ್ರಶ್ನೆ ಎಷ್ಟು ತೂಕದ್ದು ಎಂಬುದು ಚೆನ್ನಾಗಿ ಗೊತ್ತಿತ್ತು.

ಪಂಚನಾಮೆಯ ನಕಲು ತರಿಸಿ ಓದಿದೆ. ಆ ಆ್ಯಪಿನ ಕೇಸಿನ ಆರೋಪಿಯ ಬಾಡಿಗೆ ಕೋಣೆಯಲ್ಲಿ ಪೊಲೀಸರಿಗೆ ಎರಡು ಫೋನು, ಪೆನ್‌ಡ್ರೈವ್‌ನಂತೆ ಕಾಣುವ ಒಂದು ಹಾರ್ಡ್‌ವೇರ್ ವಾಲೆಟ್, 24 ಇಂಗ್ಲಿಷ್ ಪದ ಬರೆದ ಒಂದು ಚೀಟಿ ಸಿಕ್ಕಿದ್ದವು. ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ, ಅರಗು ಹಚ್ಚಿ ಮೊಹರು ಮಾಡಿ ಮುದ್ದೆಮಾಲು ಕೋಣೆಗೆ ಸೇರಿಸಿದ್ದರು. ವಾಲೆಟ್‌ನ ಮುಂದೆ ಬರೆದದ್ದು ಒಂದೇ ಸಾಲು: ಇದರಲ್ಲಿ ಅಂದಾಜು ಇಷ್ಟು ಲಕ್ಷ ರೂಪಾಯಿ ಬೆಲೆಯ ಕ್ರಿಪ್ಟೋ ಕರೆನ್ಸಿ ಇರುತ್ತದೆ.

ಆ ಒಂದು ಸಾಲಿನಲ್ಲಿ ಎರಡು ತಪ್ಪಿದ್ದವು. ಕಾಯಿನ್ ಎಷ್ಟು ಎಂದು ಬರೆಯದೆ ರೂಪಾಯಿ ಬರೆದಿದ್ದರು. "ಇದರಲ್ಲಿ ಇರುತ್ತದೆ" ಎಂದು ನಂಬಿದ್ದು ಅದಕ್ಕಿಂತ ದೊಡ್ಡ ತಪ್ಪು. ಕಾಯಿನ್ ಆ ಡಬ್ಬಿಯಲ್ಲಿ ಇರುವುದೇ ಇಲ್ಲ. ಲೆಕ್ಕವೆಲ್ಲ ಬ್ಲಾಕ್‌ಚೈನ್ ಎಂಬ ಅಂತರ್ಜಾಲದ ಖಾತೆಪುಸ್ತಕದಲ್ಲಿರುತ್ತದೆ, ಡಬ್ಬಿ ಬರೀ ಕೀಲಿ. ಚೀಟಿಯ 24 ಪದ ಗೊತ್ತಿದ್ದರೆ ಅದೇ ಕೀಲಿಯನ್ನು ಮತ್ತೆ ಮಾಡಿಕೊಳ್ಳಬಹುದು. ಆ 24 ಪದಗಳ ಇನ್ನೊಂದು ನಕಲು ಯಾರ ಹತ್ತಿರವಿದ್ದರೂ ಜಗತ್ತಿನ ಯಾವ ಮೂಲೆಯಿಂದಲಾದರೂ ಕಾಯಿನ್ ಸಾಗಿಸಬಹುದು. ಡಬ್ಬಿಗೆ ಅರಗು ಹಚ್ಚಿದರೆ, ಬೀಗದ ಒಂದು ಕೀಲಿಯನ್ನು ಜೋಪಾನ ಮಾಡಿ ಮನೆಯನ್ನು ಹಾಗೇ ಬಿಟ್ಟುಬಂದಂತೆ.

ಕಾಯಿನ್‌ಗಳಿದ್ದ ವಿಳಾಸಗಳು, ಅಂದರೆ ಬ್ಲಾಕ್‌ಚೈನ್‌ನ ಖಾತೆ ಸಂಖ್ಯೆಯಂಥವು, ಆರೋಪಿಯ ಫೋನಿನ ಸ್ಕ್ರೀನ್‌ಶಾಟ್‌ನಲ್ಲಿದ್ದವು. ಬ್ಲಾಕ್‌ಚೈನ್ ಬಹಿರಂಗವಾದ ಖಾತೆಪುಸ್ತಕ, ವಿಳಾಸ ಗೊತ್ತಿದ್ದರೆ ಯಾರು ಬೇಕಾದರೂ ಬಾಕಿ ನೋಡಬಹುದು. ದಿನಾ ಬೆಳಿಗ್ಗೆ ಕೋರ್ಟಿಗೆ ಹೊರಡುವ ಮೊದಲು ನನ್ನ ಮೊಬೈಲಿನಲ್ಲಿ ಎರಡು ಬಾಕಿ ನೋಡುತ್ತಿದ್ದೆ: ಒಂದರಲ್ಲಿ 0.41860372 ಬಿಟ್‌ಕಾಯಿನ್, ಇನ್ನೊಂದರಲ್ಲಿ ಟ್ರಾನ್ ಎಂಬ ಬೇರೊಂದು ಬ್ಲಾಕ್‌ಚೈನ್ ಜಾಲದ ಮೇಲೆ 21 ಸಾವಿರ ಯುಎಸ್‌ಡಿಟಿ (ಒಂದಕ್ಕೆ ಒಂದು ಡಾಲರಿನಂತೆ ನಡೆಯುವ ಕ್ರಿಪ್ಟೋ). ಪಂಚನಾಮೆ ಆದ ಆರನೆಯ ದಿನ ಬೆಳಿಗ್ಗೆ ಎರಡನೆಯ ಅಂಕಿ 15 ಸಾವಿರಕ್ಕೆ ಇಳಿದಿತ್ತು. ಆರೋಪಿ ಜೈಲಿನಲ್ಲಿದ್ದ, ಡಬ್ಬಿ ಮೊಹರಿನೊಳಗಿತ್ತು. ಮುಳುಗಡೆ ಮಂದಿಯ ಐದು ಲಕ್ಷ ರೂಪಾಯಿ ನನ್ನ ಕಣ್ಣೆದುರೇ ಹೋಗಿತ್ತು. ಪರದೆಯನ್ನು ಮತ್ತೆ ಮತ್ತೆ ಎಳೆದು ನೋಡಿದೆ. ಅಂಕಿ ಅಷ್ಟೇ ಇತ್ತು.

ಅಂದೇ ನ್ಯಾಯಾಲಯಕ್ಕೆ ತುರ್ತು ಅರ್ಜಿ ಹಾಕಿದೆ. ತಕ್ಷಣ ಹೊಸ ವಾಲೆಟ್ ತೆರೆದು ಉಳಿದದ್ದನ್ನೆಲ್ಲ ಅದಕ್ಕೆ ವರ್ಗಾಯಿಸಬೇಕು, ಆ ಕೆಲಸ ಪಂಚರ ಎದುರು ವಿಡಿಯೋ ಚಿತ್ರೀಕರಣದೊಂದಿಗೆ ನಡೆಯಬೇಕು ಎಂಬುದು ಕೋರಿಕೆ. ಆದೇಶ ಸಿಕ್ಕಿತು, ಫಿರ್ಯಾದಿದಾರರ ಪರವಾಗಿ ನಾನೂ ಹಾಜರಿರಬಹುದೆಂದಾಯಿತು.

ಆ ಮಧ್ಯಾಹ್ನವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮುಂದೆ ಇಂಥ ಕೇಸು ಹಿಡಿಯುವ ಕಿರಿಯ ವಕೀಲರಿಗೆ ಬೇಕಾಗುವುದು ಇದೇ.

ಹೊಸ ವಾಲೆಟ್ ತೆರೆದಾಗ ಹೊಸ 24 ಪದ ಬಂದವು. ಅವನ್ನು ಒಬ್ಬರೇ ಪೂರ್ತಿ ನೋಡಬಾರದೆಂದು ನಾನು ಹಟ ಹಿಡಿದೆ. ಮೊದಲ 12 ಪದಗಳನ್ನು ಒಬ್ಬ ಅಧಿಕಾರಿ ಬರೆದುಕೊಂಡರು, ಉಳಿದ 12ನ್ನು ಇನ್ನೊಬ್ಬರು. ಪದಗಳನ್ನು ತೋರಿಸುವಾಗ ಕ್ಯಾಮೆರಾ ಬಾಗಿಲ ಕಡೆ ತಿರುಗಿತ್ತು, ಯಾಕೆ ತಿರುಗಿಸಿದರೆಂಬುದನ್ನೂ ಪಂಚನಾಮೆಯಲ್ಲಿ ಬರೆಸಿದೆವು. ಒಂದು ಲಕೋಟೆ ನ್ಯಾಯಾಲಯದ ನಾಜರರ ಕಸ್ಟಡಿಗೆ, ಇನ್ನೊಂದು ಜಿಲ್ಲಾ ಖಜಾನೆಗೆ. ಠಾಣೆಯವರಿಗೆ ಇದು ಅತಿಯೆನಿಸಿತು. ನಾನು ಓದಿಕೊಂಡು ಹೋಗಿದ್ದನ್ನು ಅವರ ಮುಂದಿಟ್ಟೆ. ಅಮೆರಿಕದಲ್ಲಿ ಸಿಲ್ಕ್ ರೋಡ್ ಎಂಬ ಆನ್‌ಲೈನ್ ಮಾದಕ ವಸ್ತು ಪೇಟೆಯ ಪ್ರಕರಣದ ತನಿಖೆಯಲ್ಲಿದ್ದ ಕಾರ್ಲ್ ಫೋರ್ಸ್ ಮತ್ತು ಶಾನ್ ಬ್ರಿಜಸ್ ಎಂಬ ಇಬ್ಬರು ಸರ್ಕಾರಿ ಏಜೆಂಟರೇ ಬಿಟ್‌ಕಾಯಿನ್ ಕದ್ದು 2015ರಲ್ಲಿ ಸುಮಾರು ಆರಾರು ವರ್ಷದ ಜೈಲು ಕಂಡರು. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಪುಣೆಯಲ್ಲಿ ಕ್ರಿಪ್ಟೋ ವಂಚನೆಯ ತನಿಖೆಗೆ ನೆರವಾಗಲು ಕರೆಸಿದ್ದ ಇಬ್ಬರು ತಜ್ಞರನ್ನೇ, ಕಾಯಿನ್ ಲಪಟಾಯಿಸಿದ ಆರೋಪದ ಮೇಲೆ 2022ರಲ್ಲಿ ಬಂಧಿಸಿದ್ದರು. "ನಾಳೆ ಒಂದು ಕಾಯಿನ್ ಕಡಿಮೆ ಬಿದ್ದರ ಮೊದಲ ಬೆರಳು ನಿಮ್ಮ ಕಡೆನೇ ಬರತೈತ್ರಿ ಸಾಹೇಬ್ರ. ಈ ಲಕೋಟಿ ನಿಮ್ಮ ಕಾಯಾಕ" ಅಂದೆ. ಆಮೇಲೆ ಯಾರೂ ಬೇಡವೆನ್ನಲಿಲ್ಲ.

ಬಿಟ್‌ಕಾಯಿನ್ ಸರಾಗವಾಗಿ ಹೋಯಿತು. ಮೊದಲು ಚಿಲ್ಲರೆಯಷ್ಟು ಕಳಿಸಿ, ಬಂತೆಂದು ಖಾತ್ರಿಯಾದ ಮೇಲೆ ಉಳಿದದ್ದು. ಯುಎಸ್‌ಡಿಟಿ ಮಾತ್ರ ಅಲುಗಲಿಲ್ಲ. ಟ್ರಾನ್ ಜಾಲದಲ್ಲಿ ಯುಎಸ್‌ಡಿಟಿ ಕಳಿಸಲು ಶುಲ್ಕವನ್ನು ಟಿಆರ್‌ಎಕ್ಸ್ ಎಂಬ ಬೇರೆಯೇ ಕಾಯಿನ್‌ನಲ್ಲಿ ಕಟ್ಟಬೇಕು, ಆ ವಿಳಾಸದಲ್ಲಿ ಅದು ಸೊನ್ನೆ. ಇದ್ದದ್ದನ್ನು ಕದ್ದವನೇ ಬಳಸಿ ಮುಗಿಸಿದ್ದ. 15 ಸಾವಿರ ಡಾಲರಿನ ಮಾಲು ಎದುರಿಗಿದೆ, ಸಾಗಿಸಲು ಕೆಲವು ನೂರು ರೂಪಾಯಿಯ ಶುಲ್ಕವಿಲ್ಲ! ಠಾಣೆಯ ತಾಂತ್ರಿಕ ಸಿಬ್ಬಂದಿಯ ಹುಡುಗನೊಬ್ಬ ತನ್ನ ಸ್ವಂತ ಖಾತೆಯಿಂದ ಹಾಕುತ್ತೇನೆಂದ. ನಾನು ತಡೆದೆ. ಅವನ ವಿಳಾಸ ಶಾಶ್ವತವಾಗಿ ಆ ಖಾತೆಪುಸ್ತಕದಲ್ಲಿ ಉಳಿಯುತ್ತದೆ, ಮುಂದೆ ಪಾಟಿ ಸವಾಲಿನಲ್ಲಿ ಆರೋಪಿಯ ವಕೀಲರು ಅದನ್ನೇ ಹಿಡಿದು ಅವನನ್ನು ಜಗ್ಗುತ್ತಾರೆ. ಕೊನೆಗೆ ಕ್ರಿಪ್ಟೋ ಕೊಂಡು ಮಾರುವ ನೋಂದಾಯಿತ ಎಕ್ಸ್‌ಚೇಂಜ್‌ಗೆ ತನಿಖಾಧಿಕಾರಿಯಿಂದ ಪತ್ರ ಹೋಗಿ, ಅಲ್ಲಿಂದ ಟಿಆರ್‌ಎಕ್ಸ್ ಬರುವಷ್ಟರಲ್ಲಿ ಮರುದಿನ ಸಂಜೆ. ಆ ರಾತ್ರಿ ನಾನು ಗಂಟೆಗೊಮ್ಮೆ ಎದ್ದು ಬಾಕಿ ನೋಡಿದ್ದೇನೆ.

ಹೊಸ ಪಂಚನಾಮೆಯಲ್ಲಿ ನಾಲ್ಕು ಸಂಗತಿ ಬರೆಸಿದೆ: ಕಾಯಿನ್‌ನ ಸಂಖ್ಯೆ ದಶಮಾಂಶದ ಎಂಟೂ ಸ್ಥಾನದವರೆಗೆ, ಎರಡೂ ವಿಳಾಸ ಪೂರ್ತಿಯಾಗಿ, ವ್ಯವಹಾರದ ಹ್ಯಾಶ್ (ಅದರ ಗುರುತಿನ ಸಂಖ್ಯೆ), ಗಂಟೆ ನಿಮಿಷ. ಒಂದು ಬಿಟ್‌ಕಾಯಿನ್‌ನ ಹತ್ತು ಕೋಟಿಯಲ್ಲೊಂದು ಭಾಗಕ್ಕೆ ಸಾತೋಶಿ ಅನ್ನುತ್ತಾರೆ. ಎಂಟನೆಯ ಸ್ಥಾನದ ಆ 2 ಎಂಬ ಅಂಕಿ ಎರಡು ಸಾತೋಶಿ. ಅದರ ಬೆಲೆ ಏನೂ ಇಲ್ಲದಿರಬಹುದು, ಆದರೆ ಅಂಕಿ ಅಷ್ಟಕ್ಕೆ ಅಷ್ಟು ಕೂಡಿಬಂದರೆ ಸಾಕ್ಷಿಯನ್ನು ಅಲುಗಾಡಿಸುವುದು ಕಷ್ಟ. ರೂಪಾಯಿಯ ಬೆಲೆಯನ್ನು "ಮಾಹಿತಿಗಾಗಿ ಮಾತ್ರ" ಎಂಬ ಟಿಪ್ಪಣಿಯೊಂದಿಗೆ ಕೆಳಗೆ ಹಾಕಿಸಿದೆ.

ಈ ಹಟಕ್ಕೆ ಕಾರಣ ಸ್ವೀಡನ್‌. ಅಲ್ಲೊಬ್ಬ ಆನ್‌ಲೈನ್ ಮಾದಕ ವಸ್ತು ಮಾರಾಟಗಾರನಿಂದ 36 ಬಿಟ್‌ಕಾಯಿನ್ ವಶವಾಗಿದ್ದವು. ಮುಟ್ಟುಗೋಲಿನ ಮೊತ್ತವನ್ನು ಕಾಯಿನ್‌ನಲ್ಲಿ ಹೇಳದೆ ಅಲ್ಲಿನ ದುಡ್ಡಾದ ಕ್ರೋನಾದಲ್ಲಿ ಹೇಳಿದರು. ಹರಾಜಿನ ಹೊತ್ತಿಗೆ ದರ ಎಷ್ಟು ಏರಿತ್ತೆಂದರೆ ಮೂರು ಕಾಯಿನ್ ಮಾರಿದ್ದಕ್ಕೇ ಆ ಮೊತ್ತ ತುಂಬಿತು. ಉಳಿದ 33ನ್ನು 2021ರಲ್ಲಿ ಅಪರಾಧಿಗೇ ವಾಪಸ್ ಕೊಡಬೇಕಾಯಿತು. ದಕ್ಷಿಣ ಕೊರಿಯಾದ ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ತದ್ವಿರುದ್ಧವಾಗಿ, 191 ಬಿಟ್‌ಕಾಯಿನ್‌ಗಳನ್ನು ಕಾಯಿನ್‌ಗಳಾಗಿಯೇ ಮುಟ್ಟುಗೋಲು ಹಾಕಿದ್ದನ್ನು ಎತ್ತಿಹಿಡಿಯಿತು. ಅಲ್ಲಿ ಏರಿದ ಬೆಲೆ ಖಜಾನೆಗೆ ಸೇರಿತು.

ನಮ್ಮ ಕೇಸಿನಲ್ಲೇ ನೋಡಿ. ಮೊದಲ ಪಂಚನಾಮೆಯ ದಿನ ಬಿಟ್‌ಕಾಯಿನ್ 70 ಸಾವಿರ ಡಾಲರ್‌ಗಿಂತ ಕೆಳಗಿತ್ತು. ತಿಂಗಳೊಪ್ಪತ್ತಿನಲ್ಲಿ, ಡಿಸೆಂಬರ್ 5ಕ್ಕೆ, ಲಕ್ಷ ಡಾಲರ್ ದಾಟಿತು. ರೂಪಾಯಿ ಬರೆದ ಆ ಹಳೇ ಸಾಲನ್ನೇ ನೆಚ್ಚಿಕೊಂಡಿದ್ದರೆ ಆ ವ್ಯತ್ಯಾಸ ಯಾರದು ಎಂಬ ಜಗಳವೇ ವರ್ಷಗಟ್ಟಲೆ ನಡೆಯುತ್ತಿತ್ತು.

ಮಾರಾಟಕ್ಕೆ ಅನುಮತಿ ಕೇಳಿದ್ದು ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮಿನಡಿ. ಬೇಗ ಕೆಡುವ ಮಾಲನ್ನು, ಅಥವಾ ಬೇರೆ ಕಾರಣಕ್ಕೆ ಮಾರುವುದೇ ಯುಕ್ತವೆನಿಸಿದ್ದನ್ನು, ವಿಚಾರಣೆ ಮುಗಿಯುವ ಮೊದಲೇ ನ್ಯಾಯಾಲಯ ಮಾರಿಸಬಹುದು. ಮುದ್ದೆಮಾಲು ಠಾಣೆಗಳಲ್ಲಿ ಕೊಳೆಯಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದ್ದನ್ನೂ ಓದಿದೆ. ಬಿಟ್‌ಕಾಯಿನ್ ಟೊಮೆಟೊದಂತೆ ಕೊಳೆಯುವುದಿಲ್ಲ ನಿಜ, ಆದರೆ ಅದರ ಬೆಲೆ ಟೊಮೆಟೊಕ್ಕಿಂತ ಬೇಗ ಬೀಳಬಲ್ಲದು ಎಂಬುದು ನನ್ನ ವಾದ.

ಆರೋಪಿಯ ವಕೀಲರು ಹಿರಿಯರು, ತಯಾರಾಗಿ ಬಂದಿದ್ದರು. 2025ರ ಮಾರ್ಚ್ 6ರಂದು ಅಮೆರಿಕದ ಅಧ್ಯಕ್ಷರು ವಶಪಡಿಸಿಕೊಂಡ ಬಿಟ್‌ಕಾಯಿನ್‌ಗಳನ್ನು ಮಾರದೆ ಮೀಸಲು ನಿಧಿಯಾಗಿ ಇಡಲು ಆದೇಶಿಸಿದ ಸುದ್ದಿಯ ಪತ್ರಿಕೆಯನ್ನೇ ಹಿಡಿದು ನಿಂತರು. "ಅಮೆರಿಕಾನ ಮಾರೂದಿಲ್ಲ ಅನ್ನಾಕತೈತಿ, ನಮಗೇನು ಅವಸರ?" ಅವರ ಮಾತಿನಲ್ಲಿ ಹುರುಳಿತ್ತು. 2014ರ ಜೂನ್ 27ರಂದು ಅಮೆರಿಕ ಸರ್ಕಾರದ ಯು.ಎಸ್. ಮಾರ್ಷಲ್ಸ್ ಸರ್ವೀಸ್ ಸಿಲ್ಕ್ ರೋಡ್‌ನ 29,656 ಬಿಟ್‌ಕಾಯಿನ್ ಹರಾಜು ಹಾಕಿದಾಗ ದರ 600 ಡಾಲರ್ ಆಸುಪಾಸು. ಎಲ್ಲವನ್ನೂ ಟಿಮ್ ಡ್ರೇಪರ್ ಎಂಬ ಹೂಡಿಕೆದಾರರೊಬ್ಬರೇ ಕೊಂಡರು. ಜರ್ಮನಿಯ ಸ್ಯಾಕ್ಸನಿ ರಾಜ್ಯ 2024ರ ಜೂನ್-ಜುಲೈನಲ್ಲಿ ಸುಮಾರು 50 ಸಾವಿರ ಬಿಟ್‌ಕಾಯಿನ್ ಮಾರಿ 264 ಕೋಟಿ ಯೂರೋ ಪಡೆಯಿತು. ವರ್ಷಾಂತ್ಯಕ್ಕೆ ದರ ಎಲ್ಲಿಗೋ ಏರಿಹೋಗಿತ್ತು.

ಆದರೂ ನಾನು ಮಾರಬೇಕೆಂದೇ ನಿಂತೆ. ಸರ್ಕಾರ ತನ್ನದಾದ ಕಾಯಿನ್ ಇಟ್ಟುಕೊಂಡು ಕಾಯಬಹುದು. ಇದು ಏಳು ಮನೆಯವರ ದುಡ್ಡು. ಒಮ್ಮೆ ಅವರನ್ನು ಕೇಳದೆ ಜೂಜಿಗೆ ಹಾಕಿದವನೊಬ್ಬ ಆಗಿದ್ದಾನೆ. ಎರಡನೆಯ ಬಾರಿ ಆ ಕೆಲಸ ನ್ಯಾಯಾಲಯದ ಹೆಸರಿನಲ್ಲಿ ಆಗಬಾರದು. ಏಳೂ ಮನೆಯವರನ್ನು ಕೂರಿಸಿ ಇದನ್ನು ಕೇಳಿಯೇ ಅರ್ಜಿ ಹಾಕಿದ್ದೆ. ಕಾಕಾ ಅಂದಿದ್ದರು: "ಏರಿದ್ದು ನಮಗ ಬ್ಯಾಡರಿ. ಇಳದದ್ದೂ ಬ್ಯಾಡ."

ಹರಾಜಿನ ಷರತ್ತು ಬರೆಯುವುದರಲ್ಲೇ ನಿಜವಾದ ಕಸರತ್ತು. ಜೀಪು, ಮರಳಿನ ಹರಾಜಿನಲ್ಲಿ ಮೊದಲೇ ಒಂದು ಕನಿಷ್ಠ ಬೆಲೆ ಗೊತ್ತುಮಾಡುತ್ತೇವೆ. ಇಲ್ಲಿ ಸೋಮವಾರ ಗೊತ್ತುಮಾಡಿದ ಬೆಲೆ ಶುಕ್ರವಾರಕ್ಕೆ ಕೆಲಸಕ್ಕೆ ಬರುವುದಿಲ್ಲ. ಯೋಚಿಸಿ ಯೋಚಿಸಿ ನಾನು ಸೂಚಿಸಿದ್ದು ಇಷ್ಟು: ಸವಾಲು ರೂಪಾಯಿಯಲ್ಲಿ ಬೇಡ, ಶೇಕಡಾದಲ್ಲಿ ಇರಲಿ. ಹರಾಜಿನ ದಿನ ಬೆಳಿಗ್ಗೆ 11ಕ್ಕೆ ಎರಡು ನೋಂದಾಯಿತ ಎಕ್ಸ್‌ಚೇಂಜ್‌ಗಳ ದರದ ಸರಾಸರಿ ತೆಗೆಯುವುದು, ಅದರ ಶೇಕಡಾ ಎಷ್ಟು ಕೊಡುತ್ತೇವೆಂದು ಸವಾಲುದಾರರು ಮೊಹರು ಮಾಡಿದ ಲಕೋಟೆಯಲ್ಲಿ ಬರೆದುಕೊಡುವುದು, 97ಕ್ಕಿಂತ ಕೆಳಗಿನದು ತಿರಸ್ಕೃತ. ನ್ಯಾಯಾಲಯ ಒಪ್ಪಿತು. ಮುಂಗಡ ಠೇವಣಿ, ಕೆವೈಸಿ ಇವೆಲ್ಲ ಇದ್ದದ್ದೇ. ಆರೋಪಿಯೊಂದಿಗೆ ಯಾವ ಸಂಬಂಧವೂ ಇಲ್ಲವೆಂಬ ಪ್ರಮಾಣಪತ್ರವನ್ನು ಮಾತ್ರ ಅಮೆರಿಕದ ಆ 2014ರ ಹರಾಜಿನಿಂದ ಎತ್ತಿಕೊಂಡೆ. ಅಲ್ಲಿ ಠೇವಣಿ 2 ಲಕ್ಷ ಡಾಲರ್ ಇತ್ತು, ನಮ್ಮದು 2 ಲಕ್ಷ ರೂಪಾಯಿ. ಯುಎಸ್‌ಡಿಟಿಗೆ ಹರಾಜು ಬೇಡವೆಂದು ಎರಡೂ ಕಡೆಯವರು ಒಪ್ಪಿದೆವು. ಅದರ ದರ ಡಾಲರಿಗೆ ಕಟ್ಟಿಕೊಂಡೇ ಇರುತ್ತದೆ, ಎಕ್ಸ್‌ಚೇಂಜ್‌ನಲ್ಲಿ ನೇರವಾಗಿ ಮಾರಿದರೆ ಸಾಕು.

ಮಾರ್ಚ್ ಕೊನೆಯ ವಾರ ಹರಾಜು. ಬಂದದ್ದು ನಾಲ್ಕು ಲಕೋಟೆ. ಒಂದರಲ್ಲಿ ಪ್ರಮಾಣಪತ್ರವೇ ಇರಲಿಲ್ಲ, ತೆಗೆದಿಟ್ಟರು. ಉಳಿದ ಮೂರು 97.5, 98.1, 99.2. ಕೊನೆಯದು ಹುಬ್ಬಳ್ಳಿಯಿಂದ ಬಂದ ಒಬ್ಬರದು. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಸವಾಲು ನೋಡಿ ಬೆಳೆದ ನನಗೆ ಕೂಗಾಟವಿಲ್ಲದ ಈ ಹರಾಜು ವಿಚಿತ್ರವೆನಿಸಿತು. ಹಣ ಆರ್‌ಟಿಜಿಎಸ್‌ನಲ್ಲಿ ನ್ಯಾಯಾಲಯದ ಖಾತೆಗೆ ಬಂದ ಮೇಲೆಯೇ ಕಾಯಿನ್ ಕಳಿಸುವುದೆಂದು ಷರತ್ತಿತ್ತು. ಖಜಾನೆಯಿಂದ, ನಾಜರರಿಂದ ಎರಡೂ ಲಕೋಟೆ ಬಂದವು, ಅರಗು ಒಡೆದರು. ಕೊಂಡವರ ವಿಳಾಸದ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದಿಸಿ ಪರದೆಯೊಂದಿಗೆ ಹೋಲಿಸಿದೆವು. ಚಿಲ್ಲರೆ ಕಳಿಸಿ ನೋಡಿ, ಆಮೇಲೆ ಪೂರ್ತಿ. ಆರು ಕನ್ಫರ್ಮೇಶನ್ (ವ್ಯವಹಾರ ಪಕ್ಕಾ ಎಂದು ಜಾಲ ಕೊಡುವ ದೃಢೀಕರಣ) ಆಗಲು ಹೆಚ್ಚುಕಡಿಮೆ ಒಂದು ತಾಸು. ಕಾಕಾ ವರಾಂಡದ ಬೆಂಚಿನ ಮೇಲೆ ಕೂತು "ಎಷ್ಟಾತ್ರಿ?" ಅನ್ನುತ್ತಿದ್ದರು, ನಾನು "ಮೂರಾತ್ ಕಾಕಾರ", "ನಾಕಾತ್" ಎಂದು ಹೇಳುತ್ತಿದ್ದೆ.

ಡಿಸೆಂಬರ್‌ನ ದರ ಸಿಗಲಿಲ್ಲ. ಮೊದಲ ಪಂಚನಾಮೆಯ ದರಕ್ಕಿಂತ ಆರು ಲಕ್ಷದಷ್ಟು ಹೆಚ್ಚು ಸಿಕ್ಕಿತು. ಶೇಕಡಾ 1 ಟಿಡಿಎಸ್ ಕಡಿಯುವುದು ಯಾರ ಪ್ಯಾನ್ ಮೇಲೆ ಎಂಬ ಪ್ರಶ್ನೆಯೊಂದೇ ಎರಡು ವಾರ ತಿಂದಿತು. ನೀವು ಇಂಥ ಅರ್ಜಿ ಹಾಕುವವರಾದರೆ ಅದನ್ನು ಆದೇಶದಲ್ಲೇ ಬರೆಸಿಕೊಳ್ಳಿ. ಕದ್ದುಹೋದ 6 ಸಾವಿರ ಯುಎಸ್‌ಡಿಟಿ ಇನ್ನೂ ಸಿಕ್ಕಿಲ್ಲ. ಅದು ಹೋಗಿ ನಿಂತ ವಿಳಾಸವನ್ನು ಈಗಲೂ ವಾರಕ್ಕೊಮ್ಮೆ ತೆಗೆದು ನೋಡುತ್ತೇನೆ.

ಹಣ ಈಗ ನ್ಯಾಯಾಲಯದ ಹೆಸರಿನಲ್ಲಿ ಬ್ಯಾಂಕಿನ ಠೇವಣಿಯಲ್ಲಿದೆ. ಅದೇ ನಾಗರಿಕ ಸುರಕ್ಷಾ ಸಂಹಿತೆಯ 107ನೇ ಕಲಮಿನಡಿ ಆದೇಶವಾದರೆ ಜಿಲ್ಲಾಧಿಕಾರಿಗಳು 60 ದಿನದೊಳಗೆ ನೊಂದವರಿಗೆ ಹಂಚಬೇಕು. ಆ ಅರ್ಜಿ ವಾದಕ್ಕಿದೆ. ಹರಾಜಿನ ದಿನ ಹೊರಡುವ ಮುನ್ನ ಕಾಕಾ ದರದ ಚೀಟಿಯ ಒಂದು ನಕಲು ಕೇಳಿದರು. 11 ಗಂಟೆಯ ಎರಡು ದರ, ಸರಾಸರಿ, 99.2 ಎಂದು ಬರೆದದ್ದರ ಕೆಳಗೆ ನನ್ನ ಕೈಯಿಂದಲೇ ತಾರೀಖು ಹಾಕಿಸಿಕೊಂಡು, ಮಡಚಿ, ಹೊಲದ ಪರಿಹಾರದ ಅವಾರ್ಡ್ ಕಾಗದ ಇಟ್ಟ ಅದೇ ಪ್ಲಾಸ್ಟಿಕ್ ಚೀಲದೊಳಗೆ ಹಾಕಿಕೊಂಡರು.