ಅಡತಿ ಅಂಗಡಿಯ ಡೆಸ್ಕಿಗೆ ಮತ್ತೆ ಅರಗಿನ ಪಾಲಿಶ್

ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯಲು ಅನುಕೂಲವಾಗುವಂತೆ ಮುಚ್ಚಳವನ್ನು ಇಳಿಜಾರಾಗಿ ಮಾಡಿದ ಗಿಡ್ಡ ಡೆಸ್ಕುಗಳು ಗದಗ, ಹುಬ್ಬಳ್ಳಿಯ ಹಳೆಯ ವ್ಯಾಪಾರಸ್ಥರ ಮನೆಗಳ ಅಟ್ಟದಲ್ಲಿ ಈಗಲೂ ಕಾಣಸಿಗುತ್ತವೆ. ಗದಗಿನ ಅರಳೆ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಅಜ್ಜನವರ ಡೆಸ್ಕು ಧಾರವಾಡದ ನಮ್ಮ ಮನೆಗೆ ಬಂದಾಗ ಅದರ ಮೈತುಂಬ ಹಸಿರು ಎಣ್ಣೆಬಣ್ಣವಿತ್ತು. ಸಾಗವಾನಿ ಎಂಬುದು ಎತ್ತಿದಾಗಿನ ಭಾರದಿಂದ ಮತ್ತು ಒಳಗಿನ ಬಣ್ಣವಿಲ್ಲದ ಹಲಗೆಗಳಿಂದ ಮಾತ್ರ ತಿಳಿಯುತ್ತಿತ್ತು. ನೋಡಿದವರೆಲ್ಲ ಮಷೀನಿನಿಂದ ಉಜ್ಜಿಸಿ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಜಾತಿಯ ಗಟ್ಟಿ ಲೇಪ) ಹೊಡೆಸಲು ಹೇಳಿದರು. ನಾನು ಹಾಗೆ ಮಾಡಲಿಲ್ಲ. ಅದಕ್ಕೆ ಕಾರಣ ಬಣ್ಣದ ಕೆಳಗೇ ಇತ್ತು.

ಯಾವುದೇ ಹಳೆಯ ಪೀಠೋಪಕರಣಕ್ಕೆ ಕೈಹಚ್ಚುವ ಮೊದಲು ಅದರ ಮೇಲಿರುವ ಲೇಪ ಯಾವುದೆಂದು ತಿಳಿದುಕೊಳ್ಳಬೇಕು. ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಬಣ್ಣವನ್ನು ಸ್ವಲ್ಪ ಕೆರೆದು, ಸ್ಪಿರಿಟ್‌ನಲ್ಲಿ ಅದ್ದಿದ ಅರಳೆಯನ್ನು ಒತ್ತಿ ಹಿಡಿದೆ. ಹಸಿರು ಬಣ್ಣ ಅಲುಗಲಿಲ್ಲ, ಆದರೆ ಅದರ ಕೆಳಗಿನ ಪದರ ಅಂಟಂಟಾಗಿ ಕರಗಿ ಅರಳೆಗೆ ಕಂದು ಬಣ್ಣ ಹತ್ತಿತು. ಸ್ಪಿರಿಟ್‌ಗೆ ಕರಗುವುದು ಅರಗಿನ ಪಾಲಿಶ್. ಥಿನ್ನರ್‌ಗೆ ಮಾತ್ರ ಕರಗಿದರೆ ಅದು ಸಾಮಾನ್ಯವಾಗಿ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎಣ್ಣೆಬಣ್ಣ, ವಾರ್ನಿಶ್ ಅಥವಾ ಪಿಯು ಇರಬಹುದು. ಅರಗಿನ ಮೇಲೆ ಬಳಿದ ಬಣ್ಣ ಕಟ್ಟಿಗೆಯ ರಂಧ್ರಗಳಿಗೆ ಇಳಿದಿರುವುದಿಲ್ಲ, ಆದ್ದರಿಂದ ಕಟ್ಟಿಗೆಯನ್ನು ಸವೆಸದೆಯೇ ಅದನ್ನು ಬಿಡಿಸಬಹುದು. ಮೊದಲು ಪಾಲಿಶ್ ಮಾಡಿದ ಬಡಿಗೇರರ ಕೆಲಸವೇ ಇಷ್ಟು ಕಾಲ ಒಳಗಿನ ಕಟ್ಟಿಗೆಯನ್ನು ಕಾಪಾಡಿತ್ತು.

ಹಳೆಯ ಎಣ್ಣೆಬಣ್ಣವನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇದೆಯೆಂದೇ ಭಾವಿಸಿ ಕೆಲಸ ಮಾಡುವುದು ಲೇಸು, ಅದರಲ್ಲಿಯೂ ಮನೆಯಲ್ಲಿ ಮಕ್ಕಳಿದ್ದರೆ. ನಾನು ಡೆಸ್ಕನ್ನು ಹಿತ್ತಲಿನ ಬಯಲಿನಲ್ಲಿಟ್ಟು, ಕೈಗವಸು ಹಾಕಿಕೊಂಡು, ಪೇಂಟ್ ರಿಮೂವರನ್ನು ದಪ್ಪನಾಗಿ ಬಳಿದು, ಬೇಗ ಆರದಿರಲೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಬಣ್ಣ ಸುಕ್ಕುಗಟ್ಟಿ ಎದ್ದ ಮೇಲೆ, ಮೂಲೆಗಳನ್ನು ಮೊಂಡಾಗಿಸಿದ ಪಟ್ಟಿಯಿಂದ ಕಟ್ಟಿಗೆಯ ಎಳೆಯ ದಿಕ್ಕಿನಲ್ಲಿಯೇ ಎತ್ತಿದೆ. ಅಂಚಿನ ಗೆರೆಕೆತ್ತನೆಗೆ ಕಬ್ಬಿಣ ತಾಗಿಸದೆ, ಚೂಪು ಮಾಡಿದ ಬಿದಿರಿನ ಕಡ್ಡಿಯನ್ನೂ ಹಳೆಯ ಹಲ್ಲುಜ್ಜುವ ಬ್ರಶ್ಶನ್ನೂ ಬಳಸಿದೆ. ರಿಮೂವರ್‌ನಲ್ಲಿರುವ ಮೇಣ ಉಳಿದುಕೊಂಡರೆ ಹೊಸ ಪಾಲಿಶ್ ಹಿಡಿಯುವುದಿಲ್ಲವಾದ್ದರಿಂದ, ಕೊನೆಗೆ ಇಡೀ ಡೆಸ್ಕನ್ನು ಥಿನ್ನರ್‌ನಿಂದ ಒರೆಸಿದೆ. ಕಾಸ್ಟಿಕ್ ಸೋಡಾ ಅಗ್ಗವೂ ಹೌದು, ಶೀಘ್ರವೂ ಹೌದು. ಆದರೆ ಅದು ಸಾಗವಾನಿಯನ್ನು ಕಪ್ಪಾಗಿಸುತ್ತದೆ, ಅದರ ನೀರು ಸಂದುಗಳಲ್ಲಿಳಿದು ಹಳೆಯ ಸರೇಸನ್ನು, ಅಂದರೆ ಬಡಿಗೇರರ ಅಂಟನ್ನು, ಸಡಿಲಿಸುತ್ತದೆ. ಹಳೆಯ ಸಾಮಾನಿಗೆ ಅದನ್ನು ನಾನು ಎಂದೂ ಸಲಹೆ ಮಾಡಲಾರೆ.

ಕೀಲುಮೊಳೆಗಳ ಸುತ್ತ ಕಪ್ಪು ಕಲೆಗಳಿದ್ದವು. ಕಬ್ಬಿಣಕ್ಕೂ ಕಟ್ಟಿಗೆಯ ಒಗರಿಗೂ ತೇವ ಸೇರಿದಾಗ ಹೀಗಾಗುತ್ತದೆ. ಬಿಸಿನೀರಿನಲ್ಲಿ ಕರಗಿಸಿದ ಆಕ್ಸಾಲಿಕ್ ಆಮ್ಲವನ್ನು ಕಲೆಯ ಮೇಲಷ್ಟೇ ಹಚ್ಚಿ, ಸ್ವಲ್ಪ ಹೊತ್ತಿನ ನಂತರ ಶುದ್ಧ ನೀರಿನ ಬಟ್ಟೆಯಿಂದ ಹಲವು ಸಲ ಒರೆಸಿದಾಗ ಅವು ಬಹುಮಟ್ಟಿಗೆ ಹೋದವು. ಅದು ವಿಷ, ಕೈಗವಸಿಲ್ಲದೆ ಮುಟ್ಟಬಾರದು. ಮುಚ್ಚಳದ ಬಲಮೂಲೆಯ ಮಸಿಯ ಕಲೆಗೂ ಇದೇ ಔಷಧಿ ನಡೆಯಬಹುದಿತ್ತು, ಆದರೆ ದೌತಿ ಇಡುತ್ತಿದ್ದ ಆ ಜಾಗವನ್ನು ನಾನು ಬೇಕೆಂದೇ ಮುಟ್ಟಲಿಲ್ಲ. ಮೊಣಕೈ ಊರಿ ಊರಿ ಸವೆದ ಮುಂದಿನ ಅಂಚನ್ನೂ ಸಮ ಮಾಡಲಿಲ್ಲ.

ಉಜ್ಜುವ ಕೆಲಸ ಹೆಚ್ಚಿರಲಿಲ್ಲ: 180 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರವಾಗಿ, ಬಳಿಕ 320ರಿಂದ. ಸಣ್ಣ ತೂತುಗಳಿಗೆ ಚಾಕ್ ಪುಡಿ, ಹಳದಿ ಮಣ್ಣು, ತುಸು ಜಾಜು ಬೆರೆಸಿ ಅರಗಿನ ದ್ರಾವಣದಲ್ಲಿ ಕಲಸಿ ತುಂಬಿದೆ.

ಪಾಲಿಶ್ ಹಚ್ಚಲು ಹವೆ ಮುಖ್ಯ. ಧಾರವಾಡದ ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ಸ್ಪಿರಿಟ್ ಆರುವಾಗ ಗಾಳಿಯ ತೇವ ಪದರಿನೊಳಗೆ ಸಿಕ್ಕಿ ಬಿಳಿ ಮಸುಕು ಬರುತ್ತದೆ. ಅಲ್ಲದೆ ಮಳೆಗಾಲದಲ್ಲಿ ಹಲಗೆಗಳು ಅಗಲಕ್ಕೆ ಉಬ್ಬುತ್ತವೆ. ಆಗ ಬಿಗಿಯಾದ ಡ್ರಾವರಿಗೆ ರಂಧಾ ಹೊಡೆದು ಸವೆಸಿದರೆ ಬೇಸಿಗೆಯಲ್ಲಿ ಅದು ಗಡಗಡ ಅಲುಗಾಡುತ್ತದೆ. ಆದ್ದರಿಂದ ಸಂಕ್ರಾಂತಿಯ ಸುಮಾರಿಗೆ, ಒಣ ಗಾಳಿಯ ದಿನಗಳಿಗಾಗಿ ಕಾದೆ.

ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 200 ಗ್ರಾಂ ಚಪಡಾ (ಅರಗಿನ ತೆಳು ಚಕ್ಕೆ) ಹಾಕಿ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಟ್ಟು, ಆಗಾಗ ಅಲುಗಿಸಿ ಕರಗಿಸಿ, ತೆಳುಬಟ್ಟೆಯಲ್ಲಿ ಸೋಸಿದೆ. ಹತ್ತಿರದಲ್ಲಿ ದೀಪ, ಒಲೆ ಯಾವುದೂ ಇರಕೂಡದು. ಹಳೆಯ ಧೋತರದ ಮೆತ್ತನೆಯ ತುಂಡಿನಲ್ಲಿ ಅರಳೆಯಿಟ್ಟು ಉಂಡೆ ಕಟ್ಟಿಕೊಂಡರೆ ಬ್ರಶ್ಶಿಗಿಂತ ಚೆನ್ನ. ದ್ರಾವಣವನ್ನು ಬಟ್ಟೆಯ ಮೇಲಲ್ಲ, ಒಳಗಿನ ಅರಳೆಗೆ ಕುಡಿಸಬೇಕು. ಹಿಂಡಿದಾಗ ತೊಟ್ಟಿಕ್ಕದೆ ತೇವ ಮಾತ್ರ ಕಾಣಬೇಕು. ಅಂಚಿನ ಹೊರಗಿನಿಂದ ಒಳಬಂದು, ನಡುವೆ ಎಲ್ಲಿಯೂ ನಿಲ್ಲದೆ, ಇನ್ನೊಂದು ಅಂಚಿನಿಂದ ಹೊರಹೋಗಬೇಕು, ಏಕೆಂದರೆ ಕೈ ನಿಂತ ಕ್ಷಣ ಬಟ್ಟೆ ಹಿಂದಿನ ಪದರಕ್ಕೆ ಅಂಟಿ ಗಾಯ ಮಾಡುತ್ತದೆ. ಕೆಲವು ಪದರಗಳಾದ ಮೇಲೆ ಕೈ ಬಿಗಿಯತೊಡಗಿದಾಗ ಉಂಡೆಯ ತಳಕ್ಕೆ ಅಗಸಿ ಎಣ್ಣೆಯ ಒಂದು ಹನಿ ಸವರಿಕೊಂಡೆ, ಕೊನೆಯಲ್ಲಿ ಬರೀ ಸ್ಪಿರಿಟ್‌ನ ಪಸೆಯಿಂದ ಆ ಎಣ್ಣೆಯನ್ನು ತೆಗೆದೆ. ಹೊಳಪು ಕನ್ನಡಿಯಂತಾಗುವವರೆಗೆ ಮುಂದುವರಿಸಲಿಲ್ಲ. ಬರೆಯುವ ಡೆಸ್ಕಿಗೆ ಅದು ಕಣ್ಣುಕುಕ್ಕುತ್ತದೆ.

ಅರಗು ಬಿಸಿಗೂ ಸೋಪು, ಸೋಡಾ ನೀರಿಗೂ ಸೋಲುತ್ತದೆ ಎಂಬುದು ನಿಜ, ಹಾಗಾಗಿ ಊಟದ ಟೇಬಲ್ಲಿಗೆ ನಾನು ಅದನ್ನು ಹಚ್ಚುವುದಿಲ್ಲ. ಆದರೆ ಪಿಯು ಗೀಚಿದರೆ ಆ ಜಾಗವೊಂದನ್ನೇ ಸರಿಪಡಿಸುವುದು ಕಷ್ಟ. ಅರಗಿನಲ್ಲಿ ಹೊಸ ಪದರ ಹಳೆಯದನ್ನು ಕರಗಿಸಿ ಅದರೊಡನೆ ಒಂದಾಗುತ್ತದೆ. ಚಹಾದ ಕಪ್ಪಿನ ಬಿಳಿ ಉಂಗುರವೂ ಸಾಮಾನ್ಯವಾಗಿ ಸ್ಪಿರಿಟ್‌ನ ಪಸೆಗೆ ಹೋಗುತ್ತದೆ. ಇದಕ್ಕಾಗಿ ಸ್ವಲ್ಪ ದ್ರಾವಣವನ್ನು ತಯಾರಿಸಿದ ತಾರೀಖು ಬರೆದ ಬಾಟಲಿಯಲ್ಲಿ ಇಟ್ಟುಕೊಂಡಿದ್ದೇನೆ. ಆರು ತಿಂಗಳು ಕಳೆದಿದ್ದರೆ ಮೊದಲು ಗಾಜಿನ ಮೇಲೆ ಒಂದು ಹನಿ ಹಾಕಿ ನೋಡುತ್ತೇನೆ. ಮರುದಿನವೂ ಅಂಟಾಗಿಯೇ ಇದ್ದರೆ ಅದನ್ನು ಬಳಸದೆ ಹೊಸದಾಗಿ ಚಪಡಾ ನೆನೆಯಿಡುತ್ತೇನೆ.