ಕ್ಯಾಲ್ಸಿಯಂ ಆಕ್ಸಲೇಟ್: ಬೀಕರಿನಿಂದ ಕುಲುಮೆಯವರೆಗೆ

ಚಿಕ್ಕಮಗಳೂರಿನ ಪದವಿ ಪ್ರಯೋಗಾಲಯದಲ್ಲಿ ಉಷ್ಣತೂಕ ವಿಶ್ಲೇಷಣೆಯ (ಬಿಸಿ ಮಾಡುತ್ತಲೇ ತೂಕದ ಇಳಿಕೆಯನ್ನು ಅಳೆಯುವ) ಯಂತ್ರವಿಲ್ಲದಿದ್ದರೂ ಒಂದು ಮಫಲ್ ಕುಲುಮೆ (ಮುಚ್ಚಿದ ವಿದ್ಯುತ್ ಕುಲುಮೆ), ಒಂದು ಮೂಸೆ ಮತ್ತು ಮಿಲಿಗ್ರಾಂ ತೋರಿಸುವ ತಕ್ಕಡಿ ಇದ್ದರೆ ಕ್ಯಾಲ್ಸಿಯಂ ಆಕ್ಸಲೇಟ್ ಮಾನೋಹೈಡ್ರೇಟನ್ನು (ಒಂದು ನೀರಿನ ಅಣುವಿರುವ ರೂಪವನ್ನು) ತಯಾರಿಸಿ, ಅದು ಬಿಸಿಗೆ ಹೇಗೆ ಒಡೆಯುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದು. ಆಕ್ಸಲೇಟುಗಳು ವಿಷಕಾರಿಯಾದ್ದರಿಂದ ಕೈಗವಸು ಹಾಕಿಕೊಳ್ಳಬೇಕು. ಪಿಪೆಟ್ಟನ್ನು ಬಾಯಿಂದ ಎಳೆಯಲೇಬಾರದು.

2.94 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟನ್ನು 100 ಮಿಲಿ ಬಟ್ಟಿ ಇಳಿಸಿದ ನೀರಿನಲ್ಲಿಯೂ, 2.84 ಗ್ರಾಂ ಅಮೋನಿಯಂ ಆಕ್ಸಲೇಟ್ ಮಾನೋಹೈಡ್ರೇಟನ್ನು ಇನ್ನೊಂದು 100 ಮಿಲಿಯಲ್ಲಿಯೂ ಕರಗಿಸಿ, ಎರಡನ್ನೂ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿರಿ. ಕ್ಯಾಲ್ಸಿಯಂ ದ್ರಾವಣವನ್ನು ಕಲಕುತ್ತಾ ಅದಕ್ಕೆ ಆಕ್ಸಲೇಟ್ ದ್ರಾವಣವನ್ನು ಹನಿಹನಿಯಾಗಿ ಹದಿನೈದು ನಿಮಿಷಗಳಲ್ಲಿ ಸೇರಿಸಬೇಕು. ಇಲ್ಲಿ ಅವಸರಪಟ್ಟರೆ ಶೋಧಕ ಕಾಗದದಲ್ಲಿ ನುಸುಳಿಹೋಗುವಷ್ಟು ನುಣ್ಣನೆಯ ಪ್ರಕ್ಷೇಪ (ದ್ರಾವಣದಿಂದ ಬೇರ್ಪಡುವ ಘನ ಪುಡಿ) ಸಿಗುತ್ತದೆ; ತಣ್ಣಗಿನ ದ್ರಾವಣಗಳನ್ನು ಬೆರೆಸಿದರೆ ಎರಡು ನೀರಿನ ಅಣುಗಳಿರುವ ಡೈಹೈಡ್ರೇಟ್ ಬೆರೆಯುವ ಸಂಭವವೂ ಉಂಟು. ನಂತರ ಬೀಕರನ್ನು ಒಂದು ಗಂಟೆ ಬಿಸಿನೀರಿನ ಮೇಲೆ ಇಟ್ಟರೆ ಹರಳುಗಳು ದೊಡ್ಡದಾಗಿ ತಳಕ್ಕೆ ಇಳಿಯುತ್ತವೆ.

ತಣಿಸಿ ಶೋಧಿಸಿದ ಮೇಲೆ ತಣ್ಣನೆಯ ಬಟ್ಟಿ ಇಳಿಸಿದ ನೀರಿನಿಂದ ತೊಳೆಯಿರಿ. ಕ್ಲೋರೈಡ್ ಹೋಗಿದೆಯೇ ಎಂದು ಸಿಲ್ವರ್ ನೈಟ್ರೇಟಿನಿಂದ (ಕ್ಲೋರೈಡ್ ಇದ್ದರೆ ಬಿಳುಪು ಮೂಡುತ್ತದೆ) ನೋಡುವ ಮೊದಲು ತೊಳೆದ ನೀರಿಗೆ ದುರ್ಬಲ ನೈಟ್ರಿಕ್ ಆಮ್ಲವನ್ನು ಹಾಕುವುದು ಅಗತ್ಯ. ನಾನು ಮೊದಲ ಸಲ ಆಮ್ಲ ಹಾಕದೆ ಪರೀಕ್ಷಿಸಿ, ಸಿಲ್ವರ್ ಆಕ್ಸಲೇಟಿನ ಬಿಳುಪನ್ನೇ ಕ್ಲೋರೈಡ್ ಎಂದು ತಿಳಿದು, ಒಂದಿಡೀ ಮಧ್ಯಾಹ್ನ ತೊಳೆಯುತ್ತಲೇ ಕಳೆದೆ. ಬಳಿಕ 105 ಡಿಗ್ರಿಯಲ್ಲಿ, ತೂಕ ನಿಲ್ಲುವವರೆಗೆ ಒಣಗಿಸಿರಿ. ಪೂರ್ಣ ಇಳುವರಿ 2.92 ಗ್ರಾಂ.

ಈಗ ಮೂಸೆಯಲ್ಲಿ ನಿಖರವಾಗಿ 1.000 ಗ್ರಾಂ ತೂಗಿ, ಪ್ರತಿ ಹಂತದಲ್ಲೂ ಮುಕ್ಕಾಲು ಗಂಟೆ ಕಾಯಿಸಿ, ಡೆಸಿಕೇಟರಿನಲ್ಲಿ (ತೇವ ತಾಗದಂತೆ ಮುಚ್ಚಿದ ಪಾತ್ರೆಯಲ್ಲಿ) ತಣಿಸಿ ತೂಗಿರಿ. 250 ಡಿಗ್ರಿಯಲ್ಲಿ ನೀರು ಹೋಗಿ 0.877 ಗ್ರಾಂ ಉಳಿಯಬೇಕು. 500 ಡಿಗ್ರಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹೊರಟು 0.685 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಈ ಅನಿಲ ವಿಷಕಾರಿಯಾದ್ದರಿಂದ ಕೋಣೆಗೆ ಗಾಳಿಯಾಡಬೇಕು. ಪುಡಿ ತುಸು ಬೂದುಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ, ಅದು ಮಾನಾಕ್ಸೈಡಿನಿಂದ ಬಿಟ್ಟ ಇಂಗಾಲದ ಲೇಪ. 900 ಡಿಗ್ರಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೋಗಿ, 0.384 ಗ್ರಾಂ ಸುಟ್ಟ ಸುಣ್ಣ ಮಾತ್ರ ಉಳಿಯುತ್ತದೆ. ಉಷ್ಣತೂಕ ವಿಶ್ಲೇಷಣೆಯ ಯಂತ್ರದಲ್ಲಿ ಸುಮಾರು 10 ಮಿಲಿಗ್ರಾಂ ಮಾದರಿಯನ್ನು ನೈಟ್ರೋಜನ್‌ನಲ್ಲಿ ನಿಮಿಷಕ್ಕೆ 10 ಡಿಗ್ರಿಯಂತೆ ಕಾಯಿಸಿದರೆ ಇದೇ ಮೂರು ಮೆಟ್ಟಿಲುಗಳು ಶೇಕಡಾ 12.3, 19.2 ಮತ್ತು 30.1ರ ಇಳಿಕೆಯಾಗಿ ಕಾಣುತ್ತವೆ.

ಕೊನೆಯ ತೂಕದಲ್ಲಿ ನಮ್ಮ ಊರಿನ ಹವೆಯೇ ತೊಡಕು. ಮುಳ್ಳಯ್ಯನಗಿರಿಯ ಕಡೆಯಿಂದ ಮಂಜು ಇಳಿಯುವ ಜುಲೈನಲ್ಲಿ ಮೂಸೆಯ ಮುಚ್ಚಳ ತೆಗೆದಿಟ್ಟರೆ, ತಕ್ಕಡಿಯ ಕೊನೆಯ ಅಂಕಿ ಕಣ್ಣೆದುರೇ ಒಂದೊಂದಾಗಿ ಏರತೊಡಗುತ್ತದೆ: ಸುಣ್ಣ ತೇವವನ್ನು ಹೀರುತ್ತಿದೆ ಎಂದರ್ಥ. ಮುಚ್ಚಳ ಹಾಕಿಯೇ ಬೇಗ ತೂಗಿರಿ.

ಮೊದಲ ಇಳಿಕೆ ಶೇಕಡಾ 12.3ಕ್ಕಿಂತ ಹೆಚ್ಚಾದರೆ ಒಣಗಿಸಿದ್ದು ಸಾಲದು, ಅಥವಾ ಡೈಹೈಡ್ರೇಟ್ ಬೆರೆತಿದೆ, ಏಕೆಂದರೆ ಅದರಲ್ಲಿ ನೀರು ಶೇಕಡಾ 22ರಷ್ಟಿದೆ. ಕೊನೆಯಲ್ಲಿ 0.384ಕ್ಕಿಂತ ಹೆಚ್ಚು ಉಳಿದರೆ ಮತ್ತೆ ಅರ್ಧ ಗಂಟೆ ಕುಲುಮೆಗೆ ಹಾಕಿ, ಸತತ ಎರಡು ತೂಕಗಳ ವ್ಯತ್ಯಾಸ ಒಂದು ಮಿಲಿಗ್ರಾಂ ಮೀರದಂತಾಗುವವರೆಗೆ ಇದನ್ನೇ ಪುನರಾವರ್ತಿಸಿರಿ.